ಬದಲಾದ ಕಡತವಷ್ಟೇ ಇಳಿಯಲಿ

ಅಕ್ಕಿಯ ವಹಿವಾಟಿನಲ್ಲಿ ಒಂದು ಅಧಿಸೂಚನೆಯಿಂದ ಇಡೀ ಲೆಕ್ಕಾಚಾರವೇ ಬದಲಾಗುವುದುಂಟು. 2022ರ ಜುಲೈ 18ರಿಂದ, 25 ಕಿಲೋವರೆಗಿನ ಪೂರ್ವಪೊಟ್ಟಣದ, ಲೇಬಲ್ ಇರುವ ಅಕ್ಕಿಗೆ ಬ್ರಾಂಡ್ ಇರಲಿ ಇಲ್ಲದಿರಲಿ ಶೇ. 5ರ ಜಿಎಸ್‌ಟಿ ಅನ್ವಯವಾಯಿತು. 2023ರ ಜುಲೈ 20ರಂದು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು ನಿಷೇಧಕ್ಕೊಳಗಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿದ ಪೋತ್ನಾಳ, ಮಾನ್ವಿ ಭಾಗದ ಭತ್ತದ ವರ್ತಕರಿಗೆ ಇವು ದೂರದ ಸುದ್ದಿಗಳಲ್ಲ.

ದರಪಟ್ಟಿ, ಸುತ್ತೋಲೆ, ಧಾರಣೆಗಳ ಕಡತಗಳನ್ನು ಜಾಲತಾಣಗಳಿಂದ ಪ್ರತಿದಿನ ಇಳಿಸಿಕೊಳ್ಳುವ ರೂಢಿ ಅನೇಕ ಕಚೇರಿಗಳಲ್ಲಿದೆ. ನೂರರಲ್ಲಿ ಎರಡೇ ಬದಲಾಗಿದ್ದರೂ ನೂರನ್ನೂ ಇಳಿಸುವುದು ಕಾಲಹರಣವಷ್ಟೇ ಅಲ್ಲ. ಆ ಎರಡು ಯಾವುವೆಂಬುದೇ ತಿಳಿಯದೆ ಹೋಗುತ್ತದೆ.

ಇದಕ್ಕೆ ಪರಿಹಾರ ಹಳೆಯದೇ. 1996ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.0 ದಾಖಲೆಯಲ್ಲಿಯೇ 'ಇಫ್-ಮಾಡಿಫೈಡ್-ಸಿನ್ಸ್' ಎಂಬ ಸೌಲಭ್ಯವಿದೆ. ಗಣಕವು ತನ್ನಲ್ಲಿರುವ ಪ್ರತಿಯ ದಿನಾಂಕ, ಸಮಯಗಳನ್ನು ತಿಳಿಸಿ, ಆನಂತರ ಬದಲಾಗಿದ್ದರೆ ಮಾತ್ರ ಕಳುಹಿಸುವಂತೆ ಕೇಳುತ್ತದೆ. ಬದಲಾಗಿರದಿದ್ದರೆ ಸರ್ವರ್ 304 ಎಂಬ ಸಂಕೇತವನ್ನಷ್ಟೇ ಮರಳಿಸುತ್ತದೆ. ವಿಗೆಟ್ ಎಂಬ ಉಚಿತ ತಂತ್ರಾಂಶದ ಆದೇಶಕ್ಕೆ ಹೈಫನ್ ಹಾಗೂ ದೊಡ್ಡಕ್ಷರದ 'ಎನ್' ಸೇರಿಸಿದರೆ ಇಷ್ಟೂ ನಡೆಯುತ್ತದೆ. ಇಳಿದ ಕಡತಕ್ಕೆ ಸರ್ವರಿನ ದಿನಾಂಕವೇ ಅಂಟುತ್ತದೆ. ಆ ಆದೇಶವನ್ನು ಪುಟ್ಟ ಸ್ಕ್ರಿಪ್ಟ್‌ನಲ್ಲಿ ಬರೆದು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಒಪ್ಪಿಸಬಹುದು.

ಎಡವುವ ಜಾಗ ಬೇರೆಯೇ ಇದೆ. ಇಳಿಸಿದ ದರಪಟ್ಟಿಯನ್ನು ಗುಮಾಸ್ತರು ಎಕ್ಸೆಲ್‌ನಲ್ಲಿ ತೆರೆದು, ತಮ್ಮದೊಂದು ಕಾಲಂ ಸೇರಿಸಿ, ಹನ್ನೊಂದು ಗಂಟೆಗೆ ಅದೇ ಹೆಸರಿನಲ್ಲಿ ಉಳಿಸಿದರೆನ್ನೋಣ. ಸರ್ವರಿನಲ್ಲಿ ಹತ್ತು ಗಂಟೆಗೇ ಹೊಸ ಪಟ್ಟಿ ಬಂದಿದ್ದರೂ, ಹನ್ನೊಂದರ ನಂತರ ಬದಲಾಗಿದೆಯೇ ಎಂಬ ಪ್ರಶ್ನೆಗೆ 'ಇಲ್ಲ' ಎಂಬುದೇ ಉತ್ತರ. ಬಿಲ್ಲುಗಳು ಹಳೆಯ ದರದಲ್ಲಿಯೇ ಹೊರಡುತ್ತವೆ. ಕಡಿಮೆ ವಸೂಲಾದ ತೆರಿಗೆಯೂ ಅದರ ಬಡ್ಡಿಯೂ ಕೊನೆಗೆ ವರ್ತಕನ ತಲೆಗೇ. ಆದ್ದರಿಂದ ಇಳಿಸಿದ ಮೂಲ ಕಡತಗಳನ್ನು ಮುಟ್ಟದೆ, ನಕಲನ್ನು ಬೇರೆ ಫೋಲ್ಡರಿನಲ್ಲಿಟ್ಟುಕೊಂಡು ಕೆಲಸ ಮಾಡತಕ್ಕದ್ದು.

ಆಯಾ ಕ್ಷಣಕ್ಕೆ ಸಿದ್ಧವಾಗುವ ಪುಟಗಳಿಗೆ ಬಹುಮಟ್ಟಿಗೆ ಬದಲಾವಣೆಯ ದಿನಾಂಕವೇ ಇರುವುದಿಲ್ಲ. ಅಂಥವನ್ನು ಪೂರ್ತಿ ಇಳಿಸಿ ಹಿಂದಿನ ಪ್ರತಿಯೊಡನೆ ಹೋಲಿಸದೆ ಗತಿಯಿಲ್ಲ. ಹೊಸ ಅಧಿಸೂಚನೆಯು ಹೊಸ ಹೆಸರಿನಲ್ಲಿ ಬರುವುದರಿಂದ, ಅದರ ಸೂಚಿಪುಟವನ್ನೂ ನೋಡುವಂತೆ ಸ್ಕ್ರಿಪ್ಟ್ ಬರೆದಿರಬೇಕು.

ಸ್ಕ್ರಿಪ್ಟ್ ನಡೆದ ವರದಿಯನ್ನು ದಿನವೂ ಲಾಗ್ ಕಡತಕ್ಕೆ ಬರೆಯಿಸಿ, ಬೆಳಿಗ್ಗೆ ಒಬ್ಬರು ಓದುವುದು ಅವಶ್ಯ. ಏನೂ ಬದಲಾಗದಿದ್ದರೂ, ರಾತ್ರಿ ಸಂಪರ್ಕವೇ ಕಡಿದಿದ್ದರೂ ಫೋಲ್ಡರ್ ಕಾಣುವುದು ಒಂದೇ ತೆರನಾಗಿ.