ಒಂದೇ ಚಾನೆಲ್, ಎರಡು ನಂಬರ್

ಕನ್ನಡ ಚಾನೆಲ್‌ಗಳ ಸಾಲಿನಲ್ಲಿ ರಿಮೋಟ್ ಒತ್ತುತ್ತ ಹೋದರೆ, ಆಗಷ್ಟೇ ದಾಟಿ ಬಂದ ಧಾರಾವಾಹಿಯ ಅದೇ ದೃಶ್ಯ ಮತ್ತೊಂದು ನಂಬರಿನಲ್ಲೂ ಸಿಗುತ್ತದೆ. ಈ ಜೋಡಿ ಚಾನೆಲ್‌ಗಳ ಬಗ್ಗೆ ಮನೆಮನೆಯಲ್ಲೂ ಒಂದೊಂದು ನಂಬಿಕೆ.

ತಪ್ಪು ಕಲ್ಪನೆ: ಎರಡೂ ಒಂದೇ, ಯಾವುದನ್ನು ನೋಡಿದರೇನು?

ಕಾರ್ಯಕ್ರಮ ಒಂದೇ ಇರಬಹುದು, ಚಿತ್ರ ಒಂದೇ ಅಲ್ಲ. ಇಂಥ ಜೋಡಿಯಲ್ಲಿ ಸಾಮಾನ್ಯವಾಗಿ ಒಂದು ಎಸ್‌ಡಿ, ಇನ್ನೊಂದು ಎಚ್‌ಡಿ. ಎಸ್‌ಡಿ ಚಿತ್ರದಲ್ಲಿರುವುದು 576 ಗೆರೆ, ಎಚ್‌ಡಿಯಲ್ಲಿ 1080. ದೊಡ್ಡ ಟಿವಿಯಲ್ಲಿ ಕ್ರಿಕೆಟ್ ಹಾಕಿ ಎರಡನ್ನೂ ಅದಲುಬದಲು ಮಾಡಿ. ಸ್ಕೋರ್ ಪಟ್ಟಿಯ ಸಣ್ಣ ಅಕ್ಷರಗಳ ಅಂಚಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಗೊತ್ತಾಗಲಿಲ್ಲವೇ? ಬಾಕ್ಸಿನ ಹಿಂದೆ ಕೈಹಾಕಿ ನೋಡಿ. ಹಳದಿ, ಕೆಂಪು, ಬಿಳಿ ಪಿನ್ನಿನ ವೈರ್ ಚುಚ್ಚಿದ್ದರೆ ಎಚ್‌ಡಿ ಚಾನೆಲ್ಲೂ ಎಸ್‌ಡಿ ಮಟ್ಟಕ್ಕೆ ಇಳಿದೇ ಟಿವಿಗೆ ಬರುತ್ತದೆ. ಎಚ್‌ಡಿಎಂಐ ಕೇಬಲ್ ಬೇಕು. ಬಾಕ್ಸೇ ಎಸ್‌ಡಿಯದಾದರೆ ಎಚ್‌ಡಿ ಚಾನೆಲ್‌ಗೆ ಕೊಡುವ ಹಣ ನೀರುಪಾಲು.

ತಪ್ಪು ಕಲ್ಪನೆ: ಎಚ್‌ಡಿ ತಗೊಂಡರೆ ಎಸ್‌ಡಿ ಉಚಿತವಾಗಿ ಬರುತ್ತದೆ.

ಜೇಬಿಗೆ ತಾಗುವ ತಪ್ಪು ಇದು. ಪೇ ಚಾನೆಲ್‌ಗಳ ಎಸ್‌ಡಿಗೊಂದು ದರ, ಎಚ್‌ಡಿಗೊಂದು ದರ. ಒಂದೇ ಚಾನೆಲ್ಲಿನ ಎರಡೂ ರೂಪಗಳನ್ನು ಒಂದೇ ಪ್ಯಾಕಿನಲ್ಲಿ ತುರುಕಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2017ರ ದರ ಆದೇಶ ಹೇಳಿದೆ. ಆದರೆ ನೀವು ಎಸ್‌ಡಿ ಪ್ಯಾಕ್ ಒಂದನ್ನು ಇಟ್ಟುಕೊಂಡು, ಮೇಲೊಂದು ಎಚ್‌ಡಿ ಪ್ಯಾಕ್ ಹಾಕಿಸಿಕೊಂಡರೆ? ಎರಡೂ ಬಿಲ್ಲಿಗೆ ಬೀಳುತ್ತವೆ. ಯಾರೂ ನಿಮ್ಮನ್ನು ತಡೆಯುವುದಿಲ್ಲ, ಎಚ್ಚರಿಸುವುದೂ ಅಪರೂಪ.

ಚಾನೆಲ್ ದರದ ಜೊತೆಗೆ ನೆಟ್‌ವರ್ಕ್ ಶುಲ್ಕದ ಲೆಕ್ಕವೂ ಇತ್ತು. ಆದೇಶ 2019ರಲ್ಲಿ ಜಾರಿಗೆ ಬಂದಾಗ 100 ಚಾನೆಲ್‌ಗೆ ತೆರಿಗೆ ಬಿಟ್ಟು ಗರಿಷ್ಠ 130 ರೂಪಾಯಿ. ಒಂದು ಎಚ್‌ಡಿಯನ್ನು ಎರಡು ಎಸ್‌ಡಿ ಎಂದೇ ಎಣಿಸುತ್ತಿದ್ದರು. 2020ರಲ್ಲಿ ಅದೇ ಹಣಕ್ಕೆ 200 ಚಾನೆಲ್ ಆಯಿತು. 2024ರಲ್ಲಿ ಟ್ರಾಯ್ ಶುಲ್ಕದ ಗರಿಷ್ಠ ಮಿತಿಯನ್ನೇ ತೆಗೆದುಹಾಕಿತು.

ತಪ್ಪು ಕಲ್ಪನೆ: ಜೋಡಿ ಚಾನೆಲ್‌ನಿಂದ ಸಿಗ್ನಲ್ ಹಂಚಿಹೋಗಿ ಚಿತ್ರ ಒಡೆಯುತ್ತದೆ.

ಇಲ್ಲ. ಹಳೆಯ ಅನಲಾಗ್ ಕೇಬಲ್ಲಿನಲ್ಲಿ ಒಂದು ತರಂಗಾಂತರಕ್ಕೆ ಒಂದೇ ಚಾನೆಲ್. ಬೆಂಗಳೂರು, ಮೈಸೂರಿನಂಥ ನಗರಗಳಲ್ಲಿ 2013ರಿಂದ ಡಿಜಿಟಲ್ ಕಡ್ಡಾಯವಾದ ಮೇಲೆ ಅಷ್ಟೇ ಜಾಗದಲ್ಲಿ ಹತ್ತಾರು ಚಾನೆಲ್ ಬರತೊಡಗಿದವು; ನಂಬರ್ ಬರೀ ಹೆಸರುಪಟ್ಟಿ. ಚಿತ್ರ ಚೌಕಚೌಕವಾಗಿ ಒಡೆಯುತ್ತಿದ್ದರೆ ವೈರಿನ ಜೋಡಣೆ ಪರೀಕ್ಷಿಸಿ.

ತಪ್ಪು ಕಲ್ಪನೆ: ಕೇಬಲ್‌ನವರು ಒಂದು ಚಾನೆಲ್ಲನ್ನು ಎಷ್ಟು ಕಡೆ ಬೇಕಾದರೂ ಇಡಬಹುದು.

ಎಸ್‌ಡಿ-ಎಚ್‌ಡಿ ಜೋಡಿ ಬೇರೆ, ಒಂದೇ ಚಾನೆಲ್ ಎರಡು ಕಡೆ ಕೂರುವುದು ಬೇರೆ. ಟ್ರಾಯ್ ನಿಯಮದಂತೆ ಪ್ರತಿ ಚಾನೆಲ್‌ಗೂ ಒಂದೇ ನಂಬರ್, ಪಟ್ಟಿಯಲ್ಲಿ ಒಂದೇ ಜಾಗ; ಅದೂ ತನ್ನ ವರ್ಗದ ಚಾನೆಲ್‌ಗಳ ಜೊತೆಗೇ. 2017ರಲ್ಲಿ ಸುದ್ದಿ ಚಾನೆಲ್‌ಗಳ ನಡುವೆ ಇದೇ ದೊಡ್ಡ ಜಗಳವಾಗಿತ್ತು. ಎರಡು ಕಡೆ ಕಂಡರೆ ರಿಮೋಟ್ ಒತ್ತುವವರ ಕಣ್ಣಿಗೆ ಎರಡು ಸಲ ಬೀಳುತ್ತದೆ, ರೇಟಿಂಗ್ ಏರುತ್ತದೆ ಎಂಬ ಆಸೆ. ನೋಡುವವರಿಗೆ ಅದರಿಂದ ಬಿಡಿಗಾಸಿನ ಲಾಭವಿಲ್ಲ.

ಮುಂದಿನ ಸಲ ರೀಚಾರ್ಜ್ ಮಾಡಿಸುವ ಮೊದಲು ಆಪರೇಟರ್ ಹತ್ತಿರ ಚಾನೆಲ್ ಪಟ್ಟಿ ಕೇಳಿ. ಹೆಸರಿನ ಮುಂದೆ ಎಚ್‌ಡಿ ಎಂದಿರುವುದರ ಎಸ್‌ಡಿ ಜೋಡಿ ಸಿಕ್ಕರೆ, ಎರಡರಲ್ಲೊಂದನ್ನು ತೆಗೆಸಿ.