ಗೊಟಗೋಡಿಯಿಂದ ಆಕಾಶಕ್ಕೆ ನಾಲ್ಕು ಕಿಲೋಮೀಟರ್

ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಹೆದ್ದಾರಿ ಪಕ್ಕದಲ್ಲಿ ನಿಂತ ಮನುಷ್ಯನಿಗೆ ಎಷ್ಟು ನೆಲ ಕಾಣುತ್ತದೆ? ಮರ, ಮನೆ, ದಿಬ್ಬ ಯಾವುದೂ ಅಡ್ಡವಿಲ್ಲ ಎಂದುಕೊಳ್ಳಿ. ಕಣ್ಣು ನೆಲದಿಂದ ಐದೂಕಾಲು ಅಡಿ ಮೇಲಿದೆ. ಭೂಮಿ ದುಂಡಗಿರುವುದರಿಂದ ನೋಟ ಯಾವ ದಿಕ್ಕಿಗೆ ಹರಿದರೂ ನಾಲ್ಕೂವರೆ ಕಿಲೋಮೀಟರಿಗೆ ಮುಗಿಯುತ್ತದೆ. ಸುತ್ತಲಿನ ಆ ವರ್ತುಲದ ವಿಸ್ತೀರ್ಣ 64 ಚದರ ಕಿಲೋಮೀಟರ್: ಒಂದಿಷ್ಟು ಗೋವಿನಜೋಳ, ಒಂದಿಷ್ಟು ಹತ್ತಿ, ನಾಲ್ಕಾರು ಊರು.

ಅದೇ ಮನುಷ್ಯನನ್ನು ನಿಂತಲ್ಲಿಂದಲೇ ನೆಟ್ಟಗೆ ನಾಲ್ಕು ಕಿಲೋಮೀಟರ್ ಮೇಲೆತ್ತಿ. ಸ್ಕೈಡೈವಿಂಗ್ ಮಾಡುವವರು ವಿಮಾನದ ಬಾಗಿಲಿಗೆ ಬಂದು ನಿಲ್ಲುವುದು ಹೆಚ್ಚುಕಡಿಮೆ ಅಲ್ಲೇ, ಅವರ ಲೆಕ್ಕದಲ್ಲಿ ಹದಿಮೂರು ಸಾವಿರ ಅಡಿ. ಈಗ ದಿಗಂತ ಸುಮಾರು 225 ಕಿಲೋಮೀಟರ್ ಆಚೆ ಸರಿದಿದೆ. ಪಡುವಣಕ್ಕೆ ಗೋಕರ್ಣದ ಕಡಲು, ಮೂಡಣಕ್ಕೆ ತುಂಗಭದ್ರಾ ಜಲಾಶಯ ಎರಡೂ ಆ ವರ್ತುಲದ ನಡುವೆಯೇ ಬೀಳುತ್ತವೆ. ಒಟ್ಟು ಸುಮಾರು 1,60,000 ಚದರ ಕಿಲೋಮೀಟರ್. ಇಡೀ ಕರ್ನಾಟಕ ಇರುವುದೇ 1,91,791. ರಾಜ್ಯದ ಐದರಲ್ಲಿ ನಾಲ್ಕು ಪಾಲಿನಷ್ಟು ನೆಲ ಒಬ್ಬನ ಕಣ್ಣಳತೆಗೆ ಬಂತು! ಮಂಜು, ಧೂಳು, ಹೊಗೆ ಇದರಲ್ಲಿ ಅರ್ಧ ನುಂಗುತ್ತವೆ, ನಿಜ. ರೇಖಾಗಣಿತ ಮಾತ್ರ ಏನನ್ನೂ ಬಿಟ್ಟುಕೊಡುವುದಿಲ್ಲ.

ಇನ್ನು ಅವನು ಜಿಗಿಯಲಿ. ಮೊದಲ ಸೆಕೆಂಡಿನಲ್ಲಿ ಬೀಳುವುದು ಐದು ಮೀಟರ್, ಒಂದು ತೆಂಗಿನ ಮರದ ಅರ್ಧದಷ್ಟೂ ಇಲ್ಲ. ಹತ್ತು–ಹನ್ನೆರಡು ಸೆಕೆಂಡಿಗೆ ಗಾಳಿಯ ತಡೆಯೂ ಮೈಭಾರವೂ ಸಮಸಮ ಆಗುತ್ತವೆ. ಅಲ್ಲಿಂದ ವೇಗ ಏರುವುದಿಲ್ಲ, ಗಂಟೆಗೆ 190–200 ಕಿಲೋಮೀಟರಿನಲ್ಲಿ ನಿಂತುಬಿಡುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 54 ಮೀಟರ್. ನನ್ನನ್ನು ಬೆಚ್ಚಿಬೀಳಿಸಿದ ಲೆಕ್ಕ ಇದರ ಬೆನ್ನಿಗೇ ಇದೆ. ಕಾಣುವ ನೆಲದ ವಿಸ್ತೀರ್ಣ ಎತ್ತರಕ್ಕೆ ನೇರ ಅನುಪಾತದಲ್ಲಿರುತ್ತದೆ. ಹಾಗಾಗಿ ಬೀಳುವವನ ಕಣ್ಣಿನಿಂದ ಪ್ರತಿ ಸೆಕೆಂಡಿಗೆ 2,100 ಚದರ ಕಿಲೋಮೀಟರಿಗೂ ಹೆಚ್ಚು ನೆಲ ಜಾರಿಹೋಗುತ್ತದೆ. ಹಾವೇರಿ ಜಿಲ್ಲೆಯ ವಿಸ್ತೀರ್ಣ 4,823. ಎರಡೂಕಾಲು ಸೆಕೆಂಡಿಗೆ ಒಂದು ಹಾವೇರಿ ಜಿಲ್ಲೆಯಷ್ಟು ಮಾಯ. ಗೋವೆಯಂಥ ರಾಜ್ಯಕ್ಕೆ ಎರಡು ಸೆಕೆಂಡೂ ಬೇಡ.

ವಿಚಿತ್ರವೆಂದರೆ, ಹಾರಿದವರನ್ನು ಕೇಳಿದರೆ ಬಿದ್ದ ಹಾಗೆ ಅನಿಸಲೇ ಇಲ್ಲ ಅನ್ನುತ್ತಾರೆ. ಕಾರಣವೂ ಅಂಕಿಯಲ್ಲೇ ಇದೆ. ಜಾತ್ರೆಯ ತೊಟ್ಟಿಲಲ್ಲಿ ಹೊಟ್ಟೆ ಜುಮ್ಮೆನ್ನುವುದು ನಿಂತ ಸ್ಥಿತಿಯಿಂದ ತಟ್ಟನೆ ಇಳಿಯುವುದರಿಂದ. ವಿಮಾನದಿಂದ ಹೊರಬಿದ್ದವನು ಆಗಲೇ ವಿಮಾನದ ವೇಗದಲ್ಲಿ ಮುಂದಕ್ಕೆ ಓಡುತ್ತಿರುತ್ತಾನೆ, ಗಾಳಿ ಬಾಗಿಲಲ್ಲೇ ಅವನನ್ನು ಎದೆಗೊಟ್ಟು ಹಿಡಿದಿರುತ್ತದೆ. ಕೆಳಗಿನ ನೆಲವಂತೂ ಹತ್ತಿರ ಬಂದಂತೆ ಕಾಣುವುದೇ ಇಲ್ಲ. ಹತ್ತಿರ ಬಂದಂತೆ ಕಂಡರೆ ಪ್ಯಾರಾಚೂಟ್ ಬಿಚ್ಚುವ ಹೊತ್ತು ಮೀರಿದೆ ಎಂದರ್ಥ.

ಹೆದ್ದಾರಿಯಲ್ಲಿ ಎಂಬತ್ತರ ವೇಗದ ಬಸ್ಸಿಗೆ ನಾಲ್ಕು ಕಿಲೋಮೀಟರ್ ಮೂರು ನಿಮಿಷದ ದಾರಿ. ಗೊಟಗೋಡಿಗೆ ಆಕಾಶ ನೆರೆಯೂರಿನಷ್ಟು ಹತ್ತಿರ. ದೂರ ಇರುವುದು ಅದರ ಬಾಗಿಲು. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಆಗಾಗ ಸ್ಕೈಡೈವಿಂಗ್ ಶಿಬಿರಗಳು ನಡೆದದ್ದುಂಟು. ಬನ್ನಿಮಂಟಪದ ಮೈದಾನಕ್ಕೆ ದಸರೆಯಲ್ಲಿ ವಾಯುಪಡೆಯ ‘ಆಕಾಶಗಂಗಾ’ ತಂಡ ಇಳಿದದ್ದನ್ನು ಸಾವಿರಾರು ಜನ ನೋಡಿದ್ದಾರೆ. 1987ರಲ್ಲಿ ಕಟ್ಟಿದ ತಂಡ ಅದು. ಬೆಂಗಳೂರಿನಲ್ಲಿ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಿದೆ, ಆದರೆ ಅದು ಸೈನಿಕರಿಗೆ. ನಮ್ಮ ನಿಮ್ಮಂಥವರು ದುಡ್ಡು ಕಟ್ಟಿ ಹಾರಬೇಕೆಂದರೆ ಹರಿಯಾಣದ ನಾರನೌಲ್ ಹತ್ತಿರದ ಬಾಛೋದ್ ರನ್‌ವೇ ತನಕ ಹೋಗಬೇಕಾಗುತ್ತದೆ. ಇಲ್ಲಿಂದ ಸಾವಿರದ ಆರುನೂರು ಕಿಲೋಮೀಟರಿಗೂ ಹೆಚ್ಚು ಅಡ್ಡ ಹೋಗಿ, ನಾಲ್ಕು ಕಿಲೋಮೀಟರ್ ಮೇಲೆ ಹತ್ತಿ, ಒಂದು ನಿಮಿಷ ಬೀಳುವುದು.

ಆ ಒಂದು ನಿಮಿಷವೂ ಹೊಸಬರಿಗೆ ಪೂರ್ತಿ ಸಿಗುವುದಿಲ್ಲ. ಮೊದಲ ಸಲ ಹೋದವರನ್ನು ಬೋಧಕರ ಎದೆಗೆ ಬೆನ್ನು ಕೊಟ್ಟು ಬಿಗಿಯುತ್ತಾರೆ, ಇದಕ್ಕೆ ಟ್ಯಾಂಡೆಮ್ ಎನ್ನುತ್ತಾರೆ. ಇಬ್ಬರ ಭಾರಕ್ಕೆ ಒಂದೇ ಪ್ಯಾರಾಚೂಟ್, ಅದನ್ನೂ ಬೇಗ ಬಿಚ್ಚುತ್ತಾರೆ. ಹಾಗಾಗಿ ಉಳಿಯುವುದು ನಲವತ್ತೈದು, ಐವತ್ತು ಸೆಕೆಂಡು. ಒಂಟಿಯಾಗಿ ಹಾರಲು ಕಲಿಯಬೇಕೆಂದರೆ ಮೊದಲು ಒಂದು ದಿನದ ಪಾಠ ನೆಲದ ಮೇಲೆ: ಹೊಟ್ಟೆ ಮುಂದೆ, ಕೈಕಾಲು ಹಿಂದೆ, ಮೈ ಬಿಲ್ಲು. ಆಮೇಲೆ ಎರಡು ಬದಿಯಲ್ಲಿ ಇಬ್ಬರು ಬೋಧಕರು ಹಿಡಿದುಕೊಂಡೇ ಜೊತೆಗೆ ಬೀಳುತ್ತಾರೆ. ಅಮೆರಿಕದ ಪ್ಯಾರಾಚೂಟ್ ಸಂಸ್ಥೆ ಕೊಡುವ ಮೊದಲ ಪರವಾನಗಿಗೆ 25 ಜಿಗಿತ ಬೇಕು. ಕೊನೆಯ ‘ಡಿ’ ಪರವಾನಗಿಗೆ 500.

ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಒಮ್ಮೆ ಇದನ್ನೆಲ್ಲ ಹೇಳುತ್ತ ಕೂತಿದ್ದೆ. ಅಂಗಡಿಯ ಹಿರಿಯರು ಕೇಳಿದರು:

“ಅಲ್ರಿ ಸರ, ಐನೂರು ಸರ್ತಿ ಜಿಗದ್ರ ಒಟ್ಟ ಎಷ್ಟ ಹೊತ್ತ ಮ್ಯಾಲ ಇದ್ದಂಗಾತ್ರಿ?”

“ಒಂದಕ್ಕ ಒಂದು ನಿಮಿಷ ಹಿಡೀರಿ ಅಜ್ಜಾರ. ಎಂಟು ತಾಸು ಇಪ್ಪತ್ತು ನಿಮಿಷ.”

ಅವರು ಚಹಾ ಸೋಸುತ್ತ ಒಂದು ಗಳಿಗೆ ಸುಮ್ಮನಿದ್ದರು. “ಹಂಗಾರ ಒಂದು ದೊಡ್ಡಾಟ ಆತು ಬಿಡ್ರಿ.”

ನಾನು ಅಂದಿನಿಂದ ಆ ಮಾತಿಗೆ ಜೋತುಬಿದ್ದಿದ್ದೇನೆ. ಗೊಟಗೋಡಿಯಲ್ಲಿ ಇಂಥ ಹೋಲಿಕೆ ಬಾರದೆ ಇರುವುದಿಲ್ಲ. ದೊಡ್ಡಾಟವನ್ನು ಜೀವದಂತೆ ಕಂಡ ಕಲಾವಿದ ಟಿ.ಬಿ. ಸೊಲಬಕ್ಕನವರ ಇಲ್ಲಿ ಉತ್ಸವ ರಾಕ್ ಗಾರ್ಡನ್ ಕಟ್ಟಿದರು, ಜಾನಪದ ವಿಶ್ವವಿದ್ಯಾಲಯವೂ ಇದೇ ಊರಲ್ಲಿದೆ. ರಾತ್ರಿ ಊಟ ಮುಗಿಸಿ ಕೂತರೆ ಕೋಳಿ ಕೂಗುವ ತನಕ ಆಟ. ಅದಕ್ಕಾಗಿ ತಿಂಗಳುಗಟ್ಟಲೆ ತಾಲೀಮು. ಆಕಾಶದಲ್ಲಿ ಉಸ್ತಾದ್ ಅನ್ನಿಸಿಕೊಂಡವನ ಇಡೀ ಬಾಳಿನ ಬೀಳುವಿಕೆ ಆ ಒಂದು ರಾತ್ರಿಯಷ್ಟು. ಅಷ್ಟೂ ಇಲ್ಲ: ಡಿ ಪರವಾನಗಿಯ ನಿಯಮದಲ್ಲಿ ಕೇಳುವುದು ಹತೋಟಿಯಲ್ಲಿ ಬಿದ್ದ ಮೂರೇ ಮೂರು ತಾಸು.

ಪೆನ್ಸಿಲ್ವೇನಿಯಾದ ಡಾನ್ ಕೆಲ್ನರ್ ಲೋಕದಲ್ಲೇ ಅತಿ ಹೆಚ್ಚು, 46,000 ದಾಟಿ ಜಿಗಿದವರು. ಧಾರಾಳವಾಗಿ ಪ್ರತಿಯೊಂದಕ್ಕೂ ಒಂದು ನಿಮಿಷ ಕೊಟ್ಟರೂ ಮೂವತ್ತೆರಡು ದಿನ, ಒಂದು ಶ್ರಾವಣ ಮಾಸಕ್ಕಿಂತ ತುಸು ಜಾಸ್ತಿ. ಪ್ರತಿಯೊಂದಕ್ಕೂ ಮೂರು ಕಿಲೋಮೀಟರ್ ಎಂದರೆ ಆ ಮನುಷ್ಯ ಭೂಮಿಯ ಸುತ್ತಳತೆಯ ಮೂರು ಪಟ್ಟಿಗಿಂತ ಹೆಚ್ಚು ದೂರ ಬಿದ್ದಂತಾಯಿತು. 2006ರ ಸೆಪ್ಟೆಂಬರಿನಲ್ಲಿ ಇಂಡಿಯಾನಾದ ಗ್ರೀನ್ಸ್‌ಬರ್ಗ್‌ನಲ್ಲಿ ಜೇ ಸ್ಟೋಕ್ಸ್ 24 ಗಂಟೆಯಲ್ಲಿ 640 ಸಲ ಹಾರಿದರು. ಹತ್ತಿ, ಹಾರಿ, ಇಳಿದು, ಮತ್ತೆ ಹತ್ತಲು ಸರಾಸರಿ ಎರಡೂಕಾಲು ನಿಮಿಷ. ಇದರಲ್ಲಿ ಖುಷಿ ಎಲ್ಲಿತ್ತೋ ನನಗೆ ತಿಳಿಯದು.

ಕೂಟದ ಸಂಖ್ಯೆ ಇನ್ನೂ ಸೊಗಸು. 2006ರ ಫೆಬ್ರವರಿ 8ರಂದು ಥಾಯ್ಲೆಂಡಿನ ಉದೋನ್ ಥಾನಿಯ ಮೇಲೆ ಐದು ಹರ್ಕ್ಯುಲಿಸ್ ವಿಮಾನಗಳಿಂದ 400 ಜನ ಜಿಗಿದು, ಬೀಳುತ್ತಲೇ ಒಬ್ಬರನ್ನೊಬ್ಬರು ಹಿಡಿದು ಒಂದು ಹೂವಿನಂತೆ ಕೂಡಿದರು. ಮೂವತ್ತಕ್ಕೂ ಹೆಚ್ಚು ದೇಶದವರು. ಆ ಹೂವು ಅರಳಿ ನಿಂತದ್ದು 4.25 ಸೆಕೆಂಡು. ನಾನೂರು ಜನರ ವರ್ಷಗಳ ತಯಾರಿ, ವಿಮಾನ, ದುಡ್ಡು, ದೇಶಾಂತರ ಪ್ರಯಾಣ, ಎಲ್ಲ ಸೇರಿ ನಾಲ್ಕು ಸೆಕೆಂಡು ಚಿಲ್ಲರೆ.

ಅದಕ್ಕೇ ನನಗನಿಸುವುದು, ಈ ಜನರ ಒಡನಾಟ ಹುಟ್ಟುವುದು ಮೇಲಲ್ಲ, ನೆಲದ ಮೇಲೆ. ಬೆಳಿಗ್ಗೆ ಏಳಕ್ಕೆ ಬಂದು ಸಂಜೆ ಐದರ ತನಕ ಇದ್ದವರು ಮೂರು ಸಲ ಹಾರಿದರೆ ಬಿದ್ದದ್ದು ಮೂರು ನಿಮಿಷ. ಉಳಿದ ಒಂಬತ್ತು ತಾಸು ಐವತ್ತೇಳು ನಿಮಿಷ ಏನು ಮಾಡುತ್ತಾರೆ? ಗಾಳಿ ಇಳಿಯಲೆಂದು ಕಾಯುತ್ತಾರೆ. ಮೋಡ ಸರಿಯಲೆಂದು ಕಾಯುತ್ತಾರೆ. ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಎಳೆದು ನೋಡುತ್ತಾರೆ. ಮೇಲೆ ಯಾವ ಕ್ರಮದಲ್ಲಿ ಕೈ ಹಿಡಿಯಬೇಕೆಂದು ನೆಲದ ಮೇಲೆಯೇ ನಡೆದು ತಾಲೀಮು ಮಾಡುತ್ತಾರೆ. ‘ಬ್ಲೂ ಸ್ಕೈಸ್’ ಎನ್ನುವುದು ಅವರ ನಮಸ್ಕಾರ. ಮಳೆ ಬರಲೆಂದು ಮುಗಿಲು ನೋಡುವ ನಮ್ಮ ರೈತನಿಗೆ ಅದು ಶಾಪದಂತೆ ಕೇಳೀತು. ಮೊದಲ ಸಲ ಏನು ಸಾಧಿಸಿದರೂ ಜೊತೆಗಾರರಿಗೆಲ್ಲ ಬಿಯರ್ ಕೊಡಿಸುವುದು ಹೊರದೇಶದ ಮೈದಾನಗಳ ವಾಡಿಕೆ.

ಅಪಾಯದ ಅಂಕಿಯನ್ನೂ ಬಚ್ಚಿಡಬಾರದು. 2024ರಲ್ಲಿ ಅಮೆರಿಕದಲ್ಲಿ ಸುಮಾರು 38 ಲಕ್ಷ 80 ಸಾವಿರ ಜಿಗಿತಗಳಾದವು, ಸತ್ತವರು 9. ಎಪ್ಪತ್ತರ ದಶಕದಲ್ಲಿ ವರ್ಷಕ್ಕೆ ನಲವತ್ತರ ಮೇಲೆ ಸಾಯುತ್ತಿದ್ದರು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಒಂಬತ್ತು ಜನಕ್ಕೆ ಅರ್ಧ ತಾಸೂ ಹಿಡಿಯಲಿಲ್ಲ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ, ರಸ್ತೆಗೆ ಇಳಿಯುವವರು ಕೋಟಿಗಟ್ಟಲೆ. ಆದರೂ ಹೆದ್ದಾರಿ ಬದಿಯಲ್ಲಿ ಕೂತು ಲೆಕ್ಕ ಹಾಕುವವನ ತಲೆಗೆ ಇದು ಬಂದೇ ಬರುತ್ತದೆ. ಸಾವು ಇಳಿದದ್ದಕ್ಕೆ ಒಂದು ಕಾರಣ 1990ರ ದಶಕದ ಆರಂಭದಲ್ಲಿ ಬಂದ ಸಿಪ್ರೆಸ್ ಎಂಬ ಪುಟ್ಟ ಯಂತ್ರ. ಹಾರಿದವನು ಮೈಮರೆತರೂ ಎಚ್ಚರ ತಪ್ಪಿದರೂ, ಸುಮಾರು 225 ಮೀಟರ್ ಉಳಿದಿರುವಾಗ ಅದು ತಾನೇ ಮೀಸಲು ಪ್ಯಾರಾಚೂಟನ್ನು ಬಿಚ್ಚುತ್ತದೆ. ಆ ವೇಗದಲ್ಲಿ 225 ಮೀಟರ್ ಎಂದರೆ ನಾಲ್ಕು ಸೆಕೆಂಡು. ಥಾಯ್ಲೆಂಡಿನ ಹೂವಿನಷ್ಟೇ ಹೊತ್ತು.

ಈ ದೇಶಕ್ಕೆ ಇದು ಹೊಸದೇನಲ್ಲ. ಕಲ್ಕತ್ತೆಯ ರಾಮಚಂದ್ರ ಚಟರ್ಜಿ 1890ರಲ್ಲೇ ಬಲೂನಿನಿಂದ ಪ್ಯಾರಾಚೂಟಿನಲ್ಲಿ ಇಳಿದಿದ್ದರು. 1979ರಲ್ಲಿ ಆಗ್ರಾದಲ್ಲಿ ಮೊದಲ ಬಾರಿ ಜಿಗಿದ ರೇಚಲ್ ಥಾಮಸ್ 2002ರಲ್ಲಿ ಉತ್ತರ ಧ್ರುವದ ಮೇಲೆ 7,000 ಅಡಿಯಿಂದ ಇಳಿದರು. ಪುಣೆಯ ಶೀತಲ್ ಮಹಾಜನ್ ಇನ್ನೂ ಮುಂದೆ ಹೋದರು: 2004ರ ಏಪ್ರಿಲ್ 18ರಂದು ಅದೇ ಧ್ರುವದ ಮೇಲೆ ಅವರು ಹಾರಿದ್ದು ಅವರ ಬದುಕಿನ ಮೊಟ್ಟಮೊದಲ ಜಿಗಿತ. ಇನ್ನು 2012ರಲ್ಲಿ 38,969 ಮೀಟರಿನಿಂದ ಜಿಗಿದ ಫೆಲಿಕ್ಸ್ ಬೌಮ್‌ಗಾರ್ಟ್ನರ್ ಕಣ್ಣಿಗೆ, ಅದೇ ಗಣಿತದಂತೆ, ಭಾರತದ ಅರ್ಧಕ್ಕೆ ಹತ್ತಿರದಷ್ಟು ನೆಲ ಬಿದ್ದಿರಬೇಕು. ಅವರ ಬೀಳುವಿಕೆ 4 ನಿಮಿಷ 19 ಸೆಕೆಂಡು. ಗಂಟೆಗೆ 1,357 ಕಿಲೋಮೀಟರ್ ಮುಟ್ಟಿ ಶಬ್ದವನ್ನೇ ಹಿಂದಿಕ್ಕಿದರು.

ನಮ್ಮ ಗೊಟಗೋಡಿಯವನು ಅಷ್ಟು ದೂರ ಹೋಗುವುದು ಬೇಡ. ಮೂರು ಸಾವಿರ ಅಡಿಯಲ್ಲಿ ಅವನ ಪ್ಯಾರಾಚೂಟ್ ಬಿಚ್ಚಿಕೊಂಡಿದೆ. ಕಲಿಯುವವರದು ಸುಮಾರು 270 ಚದರ ಅಡಿ ಇರುತ್ತದೆ, ಅಂದರೆ ಕಾಲು ಗುಂಟೆ ಬಟ್ಟೆ. ಇನ್ನು ಮುಂದೆ ಸೆಕೆಂಡಿಗೆ ಐದಾರು ಮೀಟರ್ ಮಾತ್ರ. ಗಾಳಿಯ ಮೊರೆತ ನಿಂತು ಕಿವಿಗೆ ಕೆಳಗಿನ ಸದ್ದು ಸಿಗತೊಡಗುತ್ತದೆ. ಕಡಲು ಹೋಯಿತು, ಜಲಾಶಯ ಹೋಯಿತು, ಹತ್ತಿಯ ಸಾಲುಗಳು ಬಂದವು. ಕಾಲು ನೆಲ ಮುಟ್ಟಿದಾಗ ಮತ್ತೆ 64 ಚದರ ಕಿಲೋಮೀಟರ್. ಅವನು ಬಟ್ಟೆಯನ್ನು ತೋಳಿಗೆ ಸುತ್ತಿ ಶೆಡ್ಡಿಗೆ ನಡೆದು, ಮೊಣಕಾಲೂರಿ ಕೂತು ಮಡಚತೊಡಗುತ್ತಾನೆ. ಪಳಗಿದವರಿಗೆ ಹತ್ತು ನಿಮಿಷದ ಕೆಲಸ. ಹೊಸಬನಿಗೆ ಒಂದು ತಾಸು ಬೇಕು, ಪಕ್ಕದಲ್ಲಿ ಕೂತು ತೋರಿಸಿಕೊಡುವವರೂ ಬೇಕು.