ಹೆಸರು ಆಮೇಲೆ, ಮೊದಲು ಕಾಲು

ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಮಂಗಟ್ಟೆ ಸಿಕ್ಕೀತು, ಕಡಲಹಕ್ಕಿ ಸಿಗದು. ನಮ್ಮ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನ ಅಳಿವೆಯಲ್ಲಿ ಕಡಲಿಗಿಳಿಯುತ್ತದಲ್ಲ, ಅಡಿಕೆ ಕೊಯ್ಲಿನ ನಡುವೆ ಬಿಡುವಾದಾಗ ನಾನೂ ಆ ದಾರಿ ಹಿಡಿದು ಬೆಂಗ್ರೆ ಕಡೆಗೆ ಇಳಿಯುತ್ತೇನೆ. ಸುಳ್ಯದವರಿಗೆ ಪಯಸ್ವಿನಿಯ ಜಾಡಿನಲ್ಲಿ ಕಾಸರಗೋಡೂ ಆದೀತು.

ಚಳಿಗಾಲದಲ್ಲಿ ಕಂದುತಲೆ, ಕರಿತಲೆ ಕಡಲಹಕ್ಕಿಗಳು ಬರುತ್ತವೆ. ಹೆಸರು ನಂಬಿದರೆ ಕೆಟ್ಟಿರಿ. ಆಗ ಎರಡರ ತಲೆಯೂ ಬಿಳಿ, ಕಣ್ಣಿನ ಹಿಂದೊಂದು ಕಪ್ಪು ಬೊಟ್ಟು ಅಷ್ಟೆ. ಬೆಳೆದ ಕಂದುತಲೆಯ ಕಣ್ಣು ತಿಳಿಬಣ್ಣ, ಕರಿತಲೆಯದು ಕಪ್ಪು. ಹಾರುವಾಗ ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಮಚ್ಚೆ ಕಂಡರೆ ಕಂದುತಲೆ.

ನಾನಂತೂ ಮೊದಲು ನೋಡುವುದು ಕಾಲು, ವಲಸೆಯ ಜಾಡು ತಿಳಿಯಲು ತೊಡಿಸಿದ ನಂಬರಿನ ರಿಂಗ್ ಇದೆಯೇ ಎಂದು. ಈ ಹಕ್ಕಿಗಳಿಗೆ ಒಂಟಿಕಾಲಲ್ಲಿ ನಿಲ್ಲುವ ಚಟ ಬೇರೆ. ರಿಂಗ್ ಇರುವ ಕಾಲನ್ನೇ ಹೊಟ್ಟೆಗೆ ಅವಚಿಕೊಂಡರೆ ಕಾಯಬೇಕು. ಹತ್ತಿರ ಹೋದಿರೋ, ಇಡೀ ಹಿಂಡು ಹಾರಿತು. ಪ್ಲಾಸ್ಟಿಕ್ ರಿಂಗಿನ ದೊಡ್ಡ ಅಕ್ಷರ ದೂರದಿಂದಲೂ ಓದಲು ಬರುತ್ತದೆ. ಲೋಹದ್ದರಲ್ಲಿ ಅಂಕಿಗಳು ಸಣ್ಣವು, ಅದೂ ಸುತ್ತಲೂ ಕೊರೆದಿರುತ್ತವೆ. ಹಕ್ಕಿ ತಿರುಗಿದಂತೆಲ್ಲ ಫೋಟೊ ತೆಗೆದು ಮನೆಯಲ್ಲಿ ಕೂತು ಜೋಡಿಸಬೇಕು. ರಿಂಗಿನ ಬಣ್ಣ, ಅಕ್ಷರದ ಬಣ್ಣ, ಎಡಗಾಲೋ ಬಲಗಾಲೋ (ಹಕ್ಕಿಯ ಎಡ, ನಮ್ಮದಲ್ಲ), ಗಂಟಿನ ಮೇಲೋ ಕೆಳಗೋ, ಎಲ್ಲ ಬರೆದುಕೊಳ್ಳಿ. 8 ಮತ್ತು B ಯಾರನ್ನೂ ಯಾಮಾರಿಸುತ್ತವೆ.

ನಂಬರು ಹಾಕಿದ ಅಲ್ಯುಮಿನಿಯಂ ರಿಂಗನ್ನು ಹಕ್ಕಿಗೆ ತೊಡಿಸುವ ಕ್ರಮ ಶುರುಮಾಡಿದವರು ಡೆನ್ಮಾರ್ಕಿನ ಮೇಷ್ಟ್ರು ಮಾರ್ಟೆನ್ಸನ್, 1899ರಲ್ಲಿ. ನಮ್ಮ ದೇಶದಲ್ಲಿ ಇದು ದೊಡ್ಡ ಮಟ್ಟದಲ್ಲಿ ನಡೆದದ್ದರ ಹಿಂದೆ ಮಲೆನಾಡಿನ ಮಂಗನ ಕಾಯಿಲೆ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಸಿಕ್ಕ ವೈರಸ್ಸು ರಷ್ಯಾದ ಒಂದು ವೈರಸ್ಸನ್ನು ಹೋಲುತ್ತಿತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳೇ ತಂದವೇ ಎಂಬ ಶಂಕೆ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ ಹಕ್ಕಿ ಹಿಡಿದು ರಿಂಗ್ ತೊಡಿಸುವ ಯೋಜನೆ ಕೈಗೆತ್ತಿಕೊಂಡರು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ವಲಸೆಯ ದಾರಿಗಳು ಮಾತ್ರ ತಿಳಿದವು. ಮಂಗನ ಕಾಯಿಲೆ ಎಂಬತ್ತರ ದಶಕದಲ್ಲಿ ನಮ್ಮ ಪಕ್ಕದ ಬೆಳ್ತಂಗಡಿಗೂ ಬಂದದ್ದು ಹಳಬರಿಗೆ ನೆನಪಿದ್ದೀತು.

ಓದಿದ ನಂಬರನ್ನು ಫೋಟೊ, ಜಾಗ, ತಾರೀಖಿನ ಸಮೇತ ಆ ಸೊಸೈಟಿಗೇ ಕಳಿಸಬಹುದು. ಮೈಸೂರು ಕಡೆಯ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳಲ್ಲಿ ಕೆಲವು ಮಂಗೋಲಿಯಾದವು ಎಂದು ಗೊತ್ತಾದದ್ದು ಕೊರಳಪಟ್ಟಿಯ ಅಕ್ಷರ ಓದಿದವರಿಂದ. ದಕ್ಕೆಯ ಮೀನುಗಾರರನ್ನೂ ವಿಚಾರಿಸಿ. ಸತ್ತ ಹಕ್ಕಿಯ ಕಾಲಲ್ಲಿ ರಿಂಗ್ ಸಿಕ್ಕಿದ್ದರೆ ಅದರ ನಂಬರಿಗೂ ಅಷ್ಟೇ ಬೆಲೆ.